ಕಿಟಕಿ ಪಕ್ಕದ ಕುಂಡ: ಗಿಡ ನೋಡಿಕೊಂಡರೆ ಮನಸ್ಸು ಹಗುರಾಗುವುದು ಹೇಗೆ?

ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ಸಾಲು ಸಾಲಾಗಿ ನರ್ಸರಿಗಳಿವೆ. ಈಚೆಗೆ ಒಂದು ಭಾನುವಾರ ಎರೆಗೊಬ್ಬರ ತರಲು ಅಲ್ಲಿಗೆ ಹೋಗಿದ್ದೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗನೊಬ್ಬ ನರ್ಸರಿಯವರನ್ನು ಕೇಳುತ್ತಿದ್ದ: "ಅಣ್ಣಾ, ನಿದ್ದೆ ಸರಿಯಾಗಿ ಬರ್ತಿಲ್ಲ ಅಂತ ಡಾಕ್ಟರ್ ಹತ್ರ ಹೋಗಿದ್ದೆ. ಔಷಧಿ ಕೊಟ್ರು, ಜೊತೆಗೆ ಮನೇಲಿ ಒಂದೆರಡು ಗಿಡ ಬೆಳೆಸಿ ಅಂದ್ರು. ಯಾವುದು ತಗೊಳ್ಳಲಿ?"

ನರ್ಸರಿಯವರು ಒಂದು ಸ್ನೇಕ್ ಪ್ಲಾಂಟ್ ಎತ್ತಿ ಕೊಟ್ಟರು. "ಇದು ತಗೊಳ್ಳಿ ಸಾರ್. ರಾತ್ರಿ ಹೊತ್ತೂ ಆಕ್ಸಿಜನ್ ಬಿಡುತ್ತೆ. ರೂಮಲ್ಲಿ ಇಟ್ರೆ ಸಾಕು, ನೋಡ್ಕೊಳ್ಳೋದೇ ಬೇಡ."

ಹುಡುಗ ಖುಷಿಯಿಂದ ತಗೊಂಡು ಹೋದ. ಡಾಕ್ಟರ್ ಹೇಳಿದ್ದು ಒಳ್ಳೆಯ ಮಾತು. ನರ್ಸರಿಯವರು ಕೊಟ್ಟ ಗಿಡವೂ ಒಳ್ಳೆಯದೇ. ಆದರೆ ಅವರು ಹೇಳಿದ ಕಾರಣ ಸರಿಯಿಲ್ಲ. "ನೋಡ್ಕೊಳ್ಳೋದೇ ಬೇಡ" ಅನ್ನುವ ಮಾತಂತೂ ತಿರುಗುಮುರುಗಾಗಿದೆ. ಗಿಡದಿಂದ ಮನಸ್ಸಿಗೆ ಸಿಗುವ ಲಾಭದ ದೊಡ್ಡ ಪಾಲು ಇರುವುದೇ ಆ ನೋಡಿಕೊಳ್ಳುವುದರಲ್ಲಿ. ಅದು ಹೇಗೆ ಅಂತ ಬುಡದಿಂದ ನೋಡೋಣ.

ಮೊದಲು ಗಾಳಿಯ ವಿಷಯ ಮುಗಿಸಿಬಿಡೋಣ

"ಗಾಳಿ ಶುದ್ಧ ಮಾಡುವ ಗಿಡ" ಅನ್ನುವ ಮಾತು ಜೋರಾಗಿ ಶುರುವಾದದ್ದು 1989ರಲ್ಲಿ. ಅಮೆರಿಕದ ನಾಸಾದಲ್ಲಿದ್ದ ವಿಜ್ಞಾನಿ ಬಿಲ್ ವೊಲ್ವರ್ಟನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಕೆಟ್ಟ ಅನಿಲಗಳನ್ನು ಒಳಗೆ ಬಿಟ್ಟರು. ಅನಿಲದ ಪ್ರಮಾಣ ಕಡಿಮೆಯಾಯಿತು. ಪ್ರಯೋಗದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆ ಅಲ್ಲ ಅಲ್ವಾ? ಕಿಟಕಿ ಸಂದಿ, ಬಾಗಿಲ ಕೆಳಗಿನ ಜಾಗ, ಅಡುಗೆಮನೆಯ ಫ್ಯಾನು, ಎಲ್ಲ ಕಡೆಯಿಂದಲೂ ಗಾಳಿ ಬಂದು ಹೋಗುತ್ತಲೇ ಇರುತ್ತದೆ.

2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಹಾಗೆ ತಾನಾಗಿ ಓಡಾಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ, ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ಗೊತ್ತಾಯಿತು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ ಸುಮಾರು 9.3 ಚದರ ಮೀಟರ್. ತೀರಾ ಕಡಿಮೆ ಅಂದರೂ 90ಕ್ಕಿಂತ ಜಾಸ್ತಿ ಕುಂಡ ಆಯಿತು. ಕೋಣೆಯ ಗಾಳಿ ಚೆನ್ನಾಗಿರಬೇಕು ಅಂದರೆ ಕಿಟಕಿ ತೆರೆಯುವುದೇ ದಾರಿ.

ರಾತ್ರಿ ಆಕ್ಸಿಜನ್ ಕಥೆಯೂ ಅರ್ಧ ನಿಜ. ಸ್ನೇಕ್ ಪ್ಲಾಂಟ್ ಒಣ ಸೀಮೆಯ ಗಿಡ. ಹಗಲಿನ ಬಿಸಿಲಲ್ಲಿ ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ಅದು ರಾತ್ರಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಆದರೆ ಆಕ್ಸಿಜನ್ ತಯಾರಾಗಲು ಬೆಳಕು ಬೇಕೇ ಬೇಕು. ಅದು ಹಗಲಿನ ಕೆಲಸ. ಇನ್ನು ರಾತ್ರಿ ಗಿಡಗಳೂ ಉಸಿರಾಡುತ್ತವೆ, ಕೋಣೆಯಲ್ಲಿ ಇಡಬಾರದು ಅಂತ ಕೆಲವರು ಹೆದರುತ್ತಾರೆ. ಒಂದೆರಡು ಕುಂಡದ ಉಸಿರಾಟ, ಪಕ್ಕದಲ್ಲಿ ಮಲಗಿದ ಮನುಷ್ಯರ ಉಸಿರಾಟದ ಮುಂದೆ ಏನೇನೂ ಅಲ್ಲ. ಹೆದರಬೇಕಿಲ್ಲ.

ಟೆನ್ಷನ್ ಅಂದರೆ ಮೈಯಲ್ಲಿ ಏನಾಗುತ್ತದೆ

ಒಲೆಯ ಮೇಲೆ ಹಾಲಿಟ್ಟಿದ್ದೀರಿ ಅಂದುಕೊಳ್ಳಿ. ದೊಡ್ಡ ಉರಿಯಲ್ಲಿಟ್ಟರೆ ಬೇಗ ಕಾಯುತ್ತದೆ. ಕಾದ ಮೇಲೆ ಉರಿ ಸಣ್ಣದು ಮಾಡಬೇಕು. ಇಲ್ಲದಿದ್ದರೆ ಉಕ್ಕುತ್ತದೆ, ತಳ ಹಿಡಿಯುತ್ತದೆ.

ನಮ್ಮ ಮೈಯಲ್ಲೂ ಹೀಗೆ ಉರಿ ಏರಿಸುವ, ಇಳಿಸುವ ಎರಡು ನರಗಳ ಜಾಲ ಇವೆ. ಏರಿಸುವುದು ಸಿಂಪಥೆಟಿಕ್ ನರಮಂಡಲ. ಎದುರಿಗೆ ಬಸ್ಸು ನುಗ್ಗಿ ಬಂದರೆ ಎದೆ ಬಡಿತ ಜೋರಾಗುವುದು, ಬಿ.ಪಿ. ಏರುವುದು ಇದರಿಂದ. ಇಳಿಸುವುದು ಪ್ಯಾರಾಸಿಂಪಥೆಟಿಕ್ ನರಮಂಡಲ. ಊಟ ಮಾಡಿ ಕೂತಾಗ, ನಿದ್ದೆಗೆ ಜಾರುವಾಗ ಇದರ ಕೈ ಮೇಲಾಗಿರುತ್ತದೆ. ಇವುಗಳ ಜೊತೆ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಇದೆ. ಒತ್ತಡ ಬಂದಾಗ ರಕ್ತದಲ್ಲಿ, ಎಂಜಲಿನಲ್ಲಿ ಇದರ ಪ್ರಮಾಣ ಏರುತ್ತದೆ. ಹಾಗಾಗಿ ಒತ್ತಡ ಎಷ್ಟಿದೆ ಅಂತ ಅಳೆಯಲು ಸಂಶೋಧಕರು ಎಂಜಲು ತಗೊಂಡು ಕಾರ್ಟಿಸಾಲ್ ನೋಡುತ್ತಾರೆ.

ಈ ಊರಿನಲ್ಲಿ ಬದುಕುವ ಬಹಳ ಜನರ ಕಷ್ಟ ಏನೆಂದರೆ, ಉರಿ ಸಣ್ಣದಾಗುವುದೇ ಇಲ್ಲ. ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತು ಮನೆಗೆ ಬಂದ ಮೇಲೂ ಆಫೀಸಿನ ಮೆಸೇಜ್ ಬರುತ್ತಿರುತ್ತದೆ. ಮನೆಯಲ್ಲೇ ಕೆಲಸ ಮಾಡುವವರಿಗೆ ಆಫೀಸು ಮುಗಿದು ಮನೆ ಶುರುವಾಗುವ ಗೆರೆಯೇ ಇಲ್ಲ.

ಗಿಡದ ಕೆಲಸ ಈ ಉರಿಯನ್ನು ಇಳಿಸುತ್ತದೆಯೇ? 2015ರಲ್ಲಿ ಕೊರಿಯಾದ ಸಂಶೋಧಕರು 24 ಯುವಕರಿಗೆ ಎರಡು ಕೆಲಸ ಕೊಟ್ಟರು. ಒಂದು, ಗಿಡವನ್ನು ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸುವುದು. ಇನ್ನೊಂದು, ಕಂಪ್ಯೂಟರಿನಲ್ಲಿ ಕೆಲಸ. ಅದೇ ಹುಡುಗರು ಎರಡನ್ನೂ ಮಾಡಿದರು. ಗಿಡ ಬದಲಿಸಿದ ಮೇಲೆ ಸಿಂಪಥೆಟಿಕ್ ನರಗಳ ಓಡಾಟ ತಗ್ಗಿತ್ತು, ಬಿ.ಪಿ.ಯ ಕೆಳಗಿನ ಅಂಕಿ ಇಳಿದಿತ್ತು, ಮನಸ್ಸಿಗೆ ಹಾಯೆನಿಸಿತು ಅಂತ ಅವರೇ ಹೇಳಿದರು.

2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. 30 ಜನರಿಗೆ ಮೊದಲು ತಲೆ ಬಿಸಿಯಾಗುವಂಥ ಪರೀಕ್ಷೆ ಕೊಟ್ಟರು. ಆಮೇಲೆ ಅರ್ಧದಷ್ಟು ಜನ 30 ನಿಮಿಷ ತೋಟದ ಕೆಲಸ ಮಾಡಿದರು, ಉಳಿದವರು ಒಳಗೆ ಕೂತು ಓದಿದರು. ಇಬ್ಬರಲ್ಲೂ ಕಾರ್ಟಿಸಾಲ್ ಇಳಿಯಿತು. ತೋಟದಲ್ಲಿದ್ದವರಲ್ಲಿ ಜಾಸ್ತಿ ಇಳಿಯಿತು. ಅವರ ಮನಸ್ಸೂ ಮೊದಲಿನ ಸ್ಥಿತಿಗೆ ಮರಳಿತ್ತು. ಇವರೆಲ್ಲ ಮೊದಲೇ ತೋಟದ ಆಸಕ್ತಿ ಇದ್ದವರು, ಕೆಲಸ ಮಾಡಿದ್ದೂ ಹೊರಗಿನ ತೋಟದಲ್ಲಿ. ಬಾಲ್ಕನಿಯ ನಾಲ್ಕು ಕುಂಡಕ್ಕೆ ಇದನ್ನು ಹಾಗೇ ಒಪ್ಪಿಸಲು ಬರುವುದಿಲ್ಲ, ನಿಜ. ಆದರೂ ಕೈ ಮಣ್ಣಾಗುವ ಕೆಲಸಕ್ಕೆ ಏನೋ ಒಂದು ಗುಣ ಇದೆ ಅಂತ ಇದು ತೋರಿಸುತ್ತದೆ.

ದಣಿದ ಗಮನಕ್ಕೆ ಕೂರಲು ಒಂದು ಜಾಗ

ಗಮನದಲ್ಲಿ ಎರಡು ಬಗೆ ಇವೆ ಅಂತ ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರಲ್ಲಿ ವಿವರಿಸಿದರು. ಒಂದು, ನಾವು ಕಷ್ಟಪಟ್ಟು ಹಿಡಿದಿಡುವ ಗಮನ. ಲೆಕ್ಕ ನೋಡುವಾಗ, ಗಾಡಿ ಓಡಿಸುವಾಗ, ಮೀಟಿಂಗಿನಲ್ಲಿ ಕೂತಾಗ ಬೇಕಾಗುವುದು ಇದು. ಗಾಂಧಿಬಜಾರಿನಿಂದ ಎರಡು ಕೈಯಲ್ಲೂ ಭಾರದ ಚೀಲ ಹಿಡಿದು ನಡೆದ ಹಾಗೆ. ಸ್ವಲ್ಪ ದೂರ ಆರಾಮ, ಆಮೇಲೆ ಬೆರಳು ಕೆಂಪಗಾಗುತ್ತದೆ, ಎಲ್ಲಾದರೂ ಕೆಳಗಿಡಬೇಕು ಅನ್ನಿಸುತ್ತದೆ. ಕೆಳಗಿಡದೆ ನಡೆಯುತ್ತಲೇ ಇದ್ದರೆ ಸಿಡುಕು ಬರುತ್ತದೆ, ತಪ್ಪುಗಳಾಗುತ್ತವೆ, ಮರೆವು ಜಾಸ್ತಿಯಾಗುತ್ತದೆ.

ಇನ್ನೊಂದು, ಕರೆಯದೆ ತಾನಾಗಿ ಬರುವ ಗಮನ. ಮೋಡ, ಮಳೆ, ಎಲೆಯ ಅಲುಗಾಟ ನೋಡುವಾಗ ನಾವು ಏನನ್ನೂ ಬಿಗಿಯಾಗಿ ಹಿಡಿದಿರುವುದಿಲ್ಲ. ಆ ಹೊತ್ತಿನಲ್ಲಿ ಮೊದಲನೆಯ ಗಮನಕ್ಕೆ ಬಿಡುವು ಸಿಗುತ್ತದೆ. ಫೋನಿನ ರೀಲ್ಸ್ ಕೂಡ ತಾನಾಗಿ ಗಮನ ಸೆಳೆಯುತ್ತವೆ, ಆದರೆ ಅವು ಕೊರಳುಪಟ್ಟಿ ಹಿಡಿದು ಎಳೆಯುತ್ತವೆ. ಗಿಡ ಹಾಗೆ ಎಳೆಯುವುದಿಲ್ಲ. ನೋಡುತ್ತಾ ನೋಡುತ್ತಾ ನಿಮ್ಮ ಯೋಚನೆಗೂ ಜಾಗ ಬಿಡುತ್ತದೆ.

ನಮ್ಮ ಮನೆಯ ಮನಿ ಪ್ಲಾಂಟಿನಲ್ಲಿ ಈಗ ಒಂದು ಹೊಸ ಎಲೆ ಬರುತ್ತಿದೆ. ಹಳೆಯ ಎಲೆಯ ತೊಟ್ಟಿನ ಬುಡದಿಂದ ಊದುಬತ್ತಿಯಷ್ಟು ತೆಳ್ಳಗಿನ ಸುರುಳಿಯೊಂದು ಮೇಲೆದ್ದಿದೆ. ತಿಳಿ ಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳಪು. ಮೊನ್ನೆ ಪೂರ್ತಿ ಮುಚ್ಚಿತ್ತು. ನಿನ್ನೆ ಒಂದು ಅಂಚು ಬಿಡಿಸಿಕೊಂಡಿತ್ತು. ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಾಗ ಅರ್ಧ ತೆರೆದು, ಒಳಗಡೆ ಹಳದಿ ಗೆರೆಗಳು ಕಾಣುತ್ತಿದ್ದವು. ಇದನ್ನು ನೋಡಲು ಎರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ ನಾನು ಫೋನ್ ಮುಟ್ಟಿರುವುದಿಲ್ಲ.

ಬರೀ ಹಸಿರು ನೋಡುವುದರಿಂದಲೂ ಲಾಭ ಇದೆಯೇ ಅಂತ ಕೇಳಿದರೆ, ಬಹಳ ಜನ ಉದಾಹರಿಸುವ ಅಧ್ಯಯನ ರೋಜರ್ ಉಲ್ರಿಚ್ ಅವರದು, 1984ರದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಸರಾಸರಿ 8 ದಿನಕ್ಕೆ ಮನೆಗೆ ಹೋದರು. ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗೆ ಮುಕ್ಕಾಲು ದಿನದಷ್ಟು ಜಾಸ್ತಿ ಹಿಡಿಯಿತು. ಮರ ಕಂಡವರು ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತಗೊಂಡಿದ್ದರು.

ನೋಡಿಕೊಳ್ಳುವ ಕೈಗೆ ಸಿಗುವುದು

ಈಗ ಮುಖ್ಯ ಮಾತಿಗೆ ಬರೋಣ. ಗಿಡ ಇರುವುದು ಬೇರೆ, ಗಿಡ ನೋಡಿಕೊಳ್ಳುವುದು ಬೇರೆ. ಈ ವ್ಯತ್ಯಾಸ ತೋರಿಸುವ ಅಧ್ಯಯನವೊಂದು ಅಮೆರಿಕದ ಕನೆಕ್ಟಿಕಟ್‌ನ ವೃದ್ಧಾಶ್ರಮದಲ್ಲಿ ನಡೆಯಿತು. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು 1976ರಲ್ಲಿ ಇದನ್ನು ಪ್ರಕಟಿಸಿದರು. ಎರಡು ಗುಂಪಿನ ಹಿರಿಯರಿಗೂ ಗಿಡ ಕೊಟ್ಟರು. ಒಂದು ಗುಂಪಿಗೆ, "ಇದು ನಿಮ್ಮದು, ನೀವೇ ನೋಡಿಕೊಳ್ಳಿ, ಇಲ್ಲಿನ ನಿಮ್ಮ ದಿನಚರಿಯೂ ನಿಮ್ಮ ಕೈಯಲ್ಲೇ ಇದೆ" ಅನ್ನುವ ಅರ್ಥದ ಮಾತು ಹೇಳಿದರು. ಇನ್ನೊಂದು ಗುಂಪಿಗೆ, ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ, ಗಿಡಕ್ಕೆ ನೀರನ್ನೂ ನರ್ಸ್‌ಗಳೇ ಹಾಕುತ್ತಾರೆ ಅಂದರು.

ಮೂರು ವಾರದ ಮೇಲೆ ನೋಡಿದರೆ ಮೊದಲ ಗುಂಪಿನವರು ಚುರುಕಾಗಿದ್ದರು, ಖುಷಿಯಾಗಿದ್ದರು, ಬೇರೆಯವರ ಜೊತೆ ಜಾಸ್ತಿ ಮಾತಾಡುತ್ತಿದ್ದರು. ಹದಿನೆಂಟು ತಿಂಗಳ ನಂತರ ಮತ್ತೆ ಹೋಗಿ ನೋಡಿದಾಗ ಮೊದಲ ಗುಂಪಿನಲ್ಲಿ 47 ಜನರಲ್ಲಿ 7 ಮಂದಿ, ಎರಡನೆಯದರಲ್ಲಿ 44 ಜನರಲ್ಲಿ 13 ಮಂದಿ ತೀರಿಹೋಗಿದ್ದರು. ಗುಂಪುಗಳು ಚಿಕ್ಕವು, ಆದ್ದರಿಂದ ಸಾವಿನ ಲೆಕ್ಕದ ಮೇಲೆ ಜಾಸ್ತಿ ಭಾರ ಹಾಕಬಾರದು. ಮೊದಲ ಗುಂಪಿನವರಿಗೆ ಗಿಡದ ಜೊತೆ ಬೇರೆ ಆಯ್ಕೆಗಳೂ ಸಿಕ್ಕಿದ್ದವು. ಆದರೂ ಒಂದು ವಿಷಯ ಎದ್ದು ಕಾಣುತ್ತದೆ. ಗಿಡ ಎರಡೂ ಕಡೆ ಇತ್ತು. ಜವಾಬ್ದಾರಿ ಒಂದೇ ಕಡೆ ಇತ್ತು.

ಜವಾಬ್ದಾರಿ ಮನಸ್ಸಿಗೆ ಹೇಗೆ ಒಳ್ಳೆಯದು ಮಾಡುತ್ತದೆ? ನಮ್ಮ ಬೀದಿಯಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಮಕ್ಕಳು ಹೊರದೇಶದಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಕೆಲವು ತಿಂಗಳು ಅವರು ಬಾಗಿಲೇ ತೆಗೆಯುತ್ತಿರಲಿಲ್ಲ. ಮಹಡಿಯ ಮೇಲೆ ಅವರ ಹೆಂಡತಿ ಬೆಳೆಸಿದ್ದ ದಾಸವಾಳ, ಕಾಕಡ, ಕನಕಾಂಬರ ಇದ್ದವು. ಬೇಸಿಗೆಯಲ್ಲಿ ಎಲೆ ಬಾಡಿದ್ದು ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ನೀರು ಹಾಕಲು ಶುರು ಮಾಡಿದರಂತೆ. "ಏಳಬೇಕು ಅನ್ನಿಸಿ ಏಳಲಿಲ್ಲಮ್ಮ. ಅವು ಒಣಗ್ತವೆ ಅಂತ ಎದ್ದೆ," ಅಂದರು.

ಮನೋವೈದ್ಯರು ಬಳಸುವ ಒಂದು ವಿಧಾನಕ್ಕೆ ಈ ಮಾತು ತೀರಾ ಹತ್ತಿರ ಇದೆ. ಅದರ ಹೆಸರು ಬಿಹೇವಿಯರಲ್ ಆಕ್ಟಿವೇಶನ್. ಮನಸ್ಸು ಕುಗ್ಗಿದಾಗ ನಾವು ಕೆಲಸ ಬಿಟ್ಟು ಕೂರುತ್ತೇವೆ. ಕೂತಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಮನಸ್ಸು ಸರಿಹೋಗಲಿ, ಆಮೇಲೆ ಕೆಲಸ ಮಾಡೋಣ ಅಂತ ಕಾಯದೆ, ಸಣ್ಣದೊಂದು ಕೆಲಸವನ್ನು ಮೊದಲು ಮಾಡಿದರೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ ಅನ್ನುವುದು ಈ ವಿಧಾನದ ತಿರುಳು. ಗಿಡಕ್ಕೆ ನೀರು ಹಾಕುವುದು ಅಂಥ ಕೆಲಸ. ಐದು ನಿಮಿಷದಲ್ಲಿ ಮುಗಿಯುತ್ತದೆ. ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಬಾಡಿದ ಎಲೆ ಕೆಲವೇ ಗಂಟೆಯಲ್ಲಿ ಎದ್ದು ನಿಂತರೆ, ನಾವು ಮಾಡಿದ್ದಕ್ಕೆ ಫಲ ಇದೆ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಆಫೀಸಿನ ಎಷ್ಟೋ ಕೆಲಸಗಳಲ್ಲಿ ಈ ತೃಪ್ತಿ ಇಲ್ಲ.

ಇದನ್ನೇ ವ್ಯವಸ್ಥಿತವಾಗಿ ಮಾಡಿದರೆ ತೋಟಗಾರಿಕೆ ಚಿಕಿತ್ಸೆ ಅನ್ನುತ್ತಾರೆ. ನಮ್ಮ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ತೋಟಗಾರಿಕೆ ಒಂದು ತರಬೇತಿ.

ಮಣ್ಣಿನ ಘಮ

ಒಣಗಿದ ಕುಂಡಕ್ಕೆ ನೀರು ಬಿದ್ದಾಗ ಮೊದಲ ಮಳೆಯ ವಾಸನೆ ಬರುತ್ತದಲ್ಲ, ಅದು ಮುಖ್ಯವಾಗಿ ಜಿಯೋಸ್ಮಿನ್ ಅನ್ನುವ ವಸ್ತುವಿನದು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. "ಮಣ್ಣಿನ ಬ್ಯಾಕ್ಟೀರಿಯಾ ಮುಟ್ಟಿದರೆ ಖಿನ್ನತೆ ಹೋಗುತ್ತದೆ" ಅನ್ನುವ ಮಾತೂ ಓಡಾಡುತ್ತಿದೆ. ಅದಕ್ಕೆ ಆಧಾರ ಮುಖ್ಯವಾಗಿ ಇಲಿಗಳ ಮೇಲೆ ನಡೆದ ಪ್ರಯೋಗಗಳು. ಕುಂಡದ ಮಣ್ಣಿಗೆ ಆ ಶಕ್ತಿ ಇದೆ ಅನ್ನಲು ಅಷ್ಟು ಸಾಲದು.

ಬ್ರಹ್ಮಕಮಲ ಅರಳುವ ರಾತ್ರಿ

ಗಿಡ ಒಂಟಿತನಕ್ಕೂ ಸ್ವಲ್ಪ ಮದ್ದು. ಕಾರಣ, ಗಿಡ ಜನರನ್ನು ಕರೆತರುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಬ್ರಹ್ಮಕಮಲ ಅರಳುವ ರಾತ್ರಿ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಸಂಜೆ ಮೊಗ್ಗು ಉಬ್ಬಿದ್ದು ಕಂಡ ಕೂಡಲೇ ಅಕ್ಕಪಕ್ಕದವರಿಗೆ ಸುದ್ದಿ ಹೋಗುತ್ತದೆ. ಒಂಬತ್ತೂವರೆಗೆ ಮಕ್ಕಳೂ ಅಜ್ಜಿಯರೂ ಕುಂಡದ ಸುತ್ತ ಸೇರುತ್ತಾರೆ. ಯಾರೋ ದೀಪ ಹಚ್ಚಿ ಅರಿಶಿನ ಕುಂಕುಮ ಇಡುತ್ತಾರೆ. ಹೂವು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಬೆಳ್ಳಗೆ ಅಂಗೈಯಗಲ ಆಗುತ್ತದೆ. ಬೆಳಗಾಗುವಷ್ಟರಲ್ಲಿ ಮುದುಡಿ ಜೋಲುತ್ತದೆ. (ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ನಮ್ಮ ಮನೆಗಳಲ್ಲಿರುವುದು ಮಧ್ಯ ಅಮೆರಿಕ ಕಡೆಯಿಂದ ಬಂದ, ಕಳ್ಳಿ ಜಾತಿಯ ಗಿಡ.) ಮರುದಿನ ಕನಿಷ್ಠ ಇಬ್ಬರಾದರೂ "ನಮಗೂ ಒಂದು ಎಲೆ ಕೊಡಿ" ಅಂತ ಬರುತ್ತಾರೆ. ಎಲೆ ನೆಟ್ಟರೇ ಗಿಡವಾಗುತ್ತದೆ.

ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಇದೇ ಕೊಡು-ತೆಗೆದುಕೊಳ್ಳುವಿಕೆ ವಾಟ್ಸ್ಯಾಪ್ ಗುಂಪಿನಲ್ಲಿ ನಡೆಯುತ್ತದೆ. ಎರಡು ವರ್ಷ ಲಿಫ್ಟಿನಲ್ಲಿ ಮುಖ ನೋಡದೆ ನಿಂತವರು ಕರಿಬೇವಿನ ಸಸಿ ಕೇಳಲು ಬಾಗಿಲು ತಟ್ಟುತ್ತಾರೆ.

ಗಿಡ ಮಾಡಲಾಗದ ಕೆಲಸ

ಗಿಡ ಚಿಕಿತ್ಸೆಯ ಬದಲಿ ಅಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿದ್ದರೆ, ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊದಲು ಹೇಳಿದ ಆ ಹುಡುಗನಿಗೆ ಡಾಕ್ಟರ್ ಔಷಧಿಯ *ಜೊತೆಗೆ* ಗಿಡ ಹೇಳಿದ್ದು ಇದಕ್ಕೇ.

ಇನ್ನೊಂದು, ಗಿಡ ಸತ್ತಾಗ ಆಗುವ ಬೇಜಾರು. "ನನ್ನ ಕೈಗೆ ಗಿಡ ಬರಲ್ಲ" ಅಂತ ಎಷ್ಟೋ ಜನ ಒಂದೇ ಸಲಕ್ಕೆ ಬಿಟ್ಟುಬಿಡುತ್ತಾರೆ. ಕುಂಡದ ಗಿಡ ಸಾಯುವುದು ಬಹುಪಾಲು ಪ್ರೀತಿ ಜಾಸ್ತಿಯಾಗಿ, ಅಂದರೆ ನೀರು ಜಾಸ್ತಿಯಾಗಿ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದಿಯೆಲ್ಲ ಸದಾ ನೀರಿನಿಂದ ತುಂಬಿದ್ದರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಆಗ ಎಲೆ ಬಾಡುತ್ತದೆ. ಬಾಡಿತು ಅಂತ ಇನ್ನೂ ನೀರು ಹಾಕುತ್ತೇವೆ. ನಾನೂ ಎರಡು ಗುಲಾಬಿ ಗಿಡಗಳನ್ನು ಹೀಗೇ ಕಳೆದುಕೊಂಡೆ, ತುಂಬಾ ನೊಂದುಕೊಂಡಿದ್ದೆ. ಕಾರಣ ಗೊತ್ತಾದ ಮೇಲೆ ಮೂರನೆಯದು ಉಳಿಯಿತು.

ಬೆಂಗಳೂರಿನ ಮನೆಯಲ್ಲಿ ಶುರು ಮಾಡುವುದು

ಒಂದೇ ಗಿಡದಿಂದ ಶುರು ಮಾಡಿ. ಹತ್ತು ಕುಂಡ ಒಟ್ಟಿಗೆ ತಂದರೆ ಅದೇ ಇನ್ನೊಂದು ಟೆನ್ಷನ್. ಬಿಸಿಲು ಕಡಿಮೆ ಇರುವ ಫ್ಲಾಟ್ ಅಥವಾ ಪಿಜಿ ಕೋಣೆಗೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಸಾಕು. ಮೂರ್ನಾಲ್ಕು ಗಂಟೆ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ತುಳಸಿ, ದೊಡ್ಡಪತ್ರೆ, ಲೋಳೆಸರ ಚೆನ್ನಾಗಿ ಬರುತ್ತವೆ. ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಡೈಫೆನ್‌ಬೇಕಿಯಾ, ಮನಿ ಪ್ಲಾಂಟ್ ಕೈಗೆ ಎಟುಕದಂತೆ ಇಡಿ. ಅವುಗಳ ಎಲೆ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ.

ನೀರು ಹಾಕುವ ಮೊದಲು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತಣ್ಣಗೆ ಒದ್ದೆಯಾಗಿದ್ದು, ಬೆರಳಿಗೆ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಒಣಗಿ ಉದುರಿದರೆ ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಬೇಸಿಗೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಎತ್ತಿಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ ಕುಡಿಯುವ ನೀರನ್ನು ಗಿಡಗಳಿಗೆ ಬಳಸಬಾರದು ಅಂತ ಜಲಮಂಡಳಿ ಆದೇಶ ಮಾಡಿತ್ತು, ತಪ್ಪಿದರೆ 5000 ರೂಪಾಯಿ ದಂಡ. ಆ ಎರಡು ತಿಂಗಳು ನಮ್ಮ ಮನೆಯ ಗಿಡಗಳು ಬದುಕಿದ್ದು ಅಕ್ಕಿ ತೊಳೆದ ನೀರಿನಲ್ಲೇ.

ದುಡ್ಡು ಖರ್ಚು ಮಾಡದೆ ಶುರು ಮಾಡಬೇಕು ಅನ್ನುವವರಿಗೆ ದೊಡ್ಡಪತ್ರೆಯಷ್ಟು ಸುಲಭದ್ದು ಇನ್ನೊಂದಿಲ್ಲ. ಪಕ್ಕದ ಮನೆಯಿಂದ ಗೇಣುದ್ದದ ಒಂದು ಕಡ್ಡಿ ಕೇಳಿ ತನ್ನಿ. ಕೆಳಗಿನ ನಾಲ್ಕು ಎಲೆ ಕಿತ್ತು ಚಟ್ನಿಗೋ ತಂಬುಳಿಗೋ ಹಾಕಿಕೊಳ್ಳಿ. ಹಳೆಯ ಮೊಸರಿನ ಡಬ್ಬಿಯ ತಳಕ್ಕೆ ಮೂರ್ನಾಲ್ಕು ತೂತು ಮಾಡಿ, ಅರ್ಧ ಕೆಂಪು ಮಣ್ಣು, ಅರ್ಧ ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ. ಕಡ್ಡಿಯನ್ನು ಎರಡು ಗೆಣ್ಣು ಒಳಗೆ ಹೋಗುವಂತೆ ನೆಟ್ಟು, ನೆರಳಲ್ಲಿಡಿ. ದಿನಾ ನೋಡಿ, ಆದರೆ ದಿನಾ ನೀರು ಹಾಕಬೇಡಿ. ಎರಡು ವಾರದ ಮೇಲೆ ಕಡ್ಡಿಯ ಬುಡ ಹಿಡಿದು ಮೆಲ್ಲಗೆ, ತೀರಾ ಮೆಲ್ಲಗೆ, ಮೇಲಕ್ಕೆ ಎಳೆದು ನೋಡಿ. ಸಲೀಸಾಗಿ ಬಂದರೆ ಮತ್ತೆ ನೆಟ್ಟು ಇನ್ನೊಂದು ವಾರ ಕಾಯಿರಿ. ಮಣ್ಣು ಬಿಡದೆ ಹಿಡಿದುಕೊಂಡಿದ್ದರೆ, ಬೇರು ಬಂದಿದೆ.